ಎಣಿಸದ ಹನ್ನೆರಡು ಚೌಕ

ಪ್ರೊಫೆಸರ್ ಕುವಾಬಾರಾ ತಮ್ಮ ಚೀಲದಿಂದ ದಪ್ಪನೆಯ ಹಸ್ತಪ್ರತಿ ತೆಗೆದು ಊಟದ ಮೇಜಿನ ಮೇಲಿಟ್ಟಾಗ ಕಮಲಾಕ್ಷಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಮೊದಲ ಹಾಳೆಯಲ್ಲಿ ಎರಡು ಹೆಸರುಗಳಿದ್ದವು. ಎರಡನೆಯದು ಅವಳದು.

"ನಿಮ್ಮ ಮೂರು ವರ್ಷದ ಎಣಿಕೆ ಇಲ್ಲದಿದ್ದರೆ ಈ ಪುಸ್ತಕ ಆಗುತ್ತಿರಲಿಲ್ಲ," ಎಂದರು ಅವರು, ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಊಟವಾದ ಮೇಲೆ ಒಮ್ಮೆ ನೋಡಿ ಸಹಿ ಹಾಕಿಬಿಡಿ."

ಗಿಗಿರಿಯ ವಿಶ್ವಸಂಸ್ಥೆ ಕಚೇರಿಯ ಸಭೆಗೆಂದು ನೈರೋಬಿಗೆ ಬಂದಿದ್ದ ಪ್ರೊಫೆಸರು, ಸಭೆ ಮುಗಿದ ಮರುದಿನ ಹಳೆಯ ಶಿಷ್ಯೆಯನ್ನು ಹುಡುಕಿಕೊಂಡು ಪಾರ್ಕ್‌ಲ್ಯಾಂಡ್ಸಿನ ಈ ಫ್ಲ್ಯಾಟಿಗೆ ಬಂದಿದ್ದರು. ಸಂಜೆ ಅವರ ವಿಮಾನ.

ಕತಾಕುರಿ ಎಂಬುದು ಜಪಾನಿನ ಬೆಟ್ಟಗಳಲ್ಲಿ ಹಿಮ ಕರಗುತ್ತಲೇ ಮೇಲೇಳುವ ಪುಟ್ಟ ಗಿಡ. ಬೀಜ ಬಿದ್ದು ನೇರಳೆ ಹೂವು ಬಿಡಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಅದಕ್ಕೆ ಒಂದೇ ಎಲೆ. ಹೂವು ಬಿಡುವ ವರ್ಷ ಎರಡೆಲೆ. ಮೈಸೂರಿನಿಂದ ಸಂಶೋಧನೆಗೆ ಹೋಗಿದ್ದ ಕಮಲಾಕ್ಷಿಯ ಕೆಲಸ, ಬಿದಿರುಗೂಟ ನೆಟ್ಟು ಗುರುತು ಮಾಡಿದ ಚೌಕಗಳ ಮುಂದೆ ಮಂಡಿಯೂರಿ ಒಂದೆಲೆಯವೆಷ್ಟು, ಎರಡೆಲೆಯವೆಷ್ಟು ಎಂದು ಎಣಿಸುವುದು. ಮೂರನೆಯ ವಸಂತದಲ್ಲಿ ಅಪ್ಪ ತೀರಿಕೊಂಡ ತಂತಿ ಬಂತು. ಊರಿಗೆ ಹೋಗಲಾಗಲಿಲ್ಲ. ಮೂರು ವಾರ ಅವಳು ಕೋಣೆ ಬಿಟ್ಟು ಹೊರಬೀಳಲಿಲ್ಲ. ಕೊನೆಗೆ ಬೆಟ್ಟ ಹತ್ತಿದಾಗ ಎಣಿಸಲು ಉಳಿದಿದ್ದ ಮೇಲಿನ ಇಳಿಜಾರಿನಲ್ಲೂ ಎಲೆಗಳು ಹಳದಿಯಾಗಿ ಮಣ್ಣು ಸೇರಿದ್ದವು.

ಮೊಸರು ತರಲು ಅವಳು ಅಡುಗೆಮನೆಗೆ ಹೋದಳು. ಹಿಂದೆಯೇ ಗಂಡ ರಾಮಚಂದ್ರ ಬಂದ.

"ಏನಾಯ್ತು? ಮುಖ ಯಾಕೆ ಹಾಗಿದೆ?"

"ಕೊನೇ ವರ್ಷ ಹನ್ನೆರಡು ಚೌಕ ನಾನು ಎಣಿಸೇ ಇಲ್ಲ ರೀ. ಹಿಂದಿನ ವರ್ಷದ ನಂಬರ್‌ಗೆ ಒಂದೆರಡು ಹೆಚ್ಚುಕಮ್ಮಿ ಮಾಡಿ ಬರೆದುಬಿಟ್ಟೆ."

ಅತಿಥಿಗೆ ಕನ್ನಡ ಬಾರದೆಂದು ಗೊತ್ತಿದ್ದರೂ ರಾಮಚಂದ್ರ ದನಿ ತಗ್ಗಿಸಿದ. "ಹದಿಮೂರು ವರ್ಷ ಆಯ್ತು. ಈಗ ಯಾರು ಹೋಗಿ ಚೆಕ್ ಮಾಡ್ತಾರೆ? ಯೂನಿವರ್ಸಿಟೀಲಿ ರೀಡರ್ ಪೋಸ್ಟ್‌ಗೆ ಒಂದು ಬುಕ್ ಇದ್ರೆ ಸಾಕು ಅಂತ ನೀನೇ ಹೇಳ್ತಿದ್ದೆ."

"ಅಲ್ಲಿ ಸ್ಕೀ ಆಡೋಕೆ ಬೆಟ್ಟ ಕಡೀತಾರಂತೆ. ಇವರು ಈ ಲೆಕ್ಕ ಹಿಡ್ಕೊಂಡು ಹೋಗಿ ಅದನ್ನ ತಡೀಬೇಕು ಅಂತಿದಾರೆ."

"ಮತ್ತೆ? ಒಳ್ಳೇದಕ್ಕೇ ಆಯ್ತಲ್ಲ."

ಅವಳು ಮೊಸರನ್ನು ಬಟ್ಟಲಿಗೆ ಹಾಕಿದಳು, ಚಮಚ ಹುಡುಕಿದಳು, ಹೊರಗೆ ಬಂದು ಅತಿಥಿಗೆ ಬಡಿಸಿದಳು. ಅವರು ಊಟ ಮುಗಿಸಿ ಕೈ ತೊಳೆದು ಬಂದು ಕುಳಿತ ಮೇಲೆ, ಅಡುಗೆಮನೆಯಲ್ಲಿ ಹೇಳಿದ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಗಂಡನಿಗೆ ಹೇಳಿದ್ದಕ್ಕಿಂತ ಮಾತು ಕಡಿಮೆಯೇ ಆಯಿತು.

ಕುವಾಬಾರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಸ್ತೆಯಲ್ಲಿ ಮಟಾಟು ವ್ಯಾನೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಅವರು ಮತ್ತೆ ಕನ್ನಡಕ ಹಾಕಿಕೊಂಡು ಕೋಷ್ಟಕದ ಪುಟ ಹುಡುಕಿದರು.

"ಯಾವ ಯಾವ ಚೌಕ?"

ಅವಳು ಒಂದೊಂದಾಗಿ ಹೇಳಿದಳು. ನೆನಪಿಸಿಕೊಳ್ಳಬೇಕಾಗಲಿಲ್ಲ. ಅವರು ಹನ್ನೆರಡು ಅಂಕಿಗಳ ಮೇಲೂ ಗೆರೆ ಎಳೆದರು. ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತಾರೆಂದು ಅವಳು ಕಾದಳು. ತಂತಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅವರು ಕೇಳಲಿಲ್ಲ.

"ಆ ವರ್ಷದ ಲೆಕ್ಕವನ್ನು ಪೂರ್ತಿ ತೆಗೆಯಬೇಕಾಗುತ್ತದೆ," ಎಂದರು. "ಕಾರಣವನ್ನೂ ಬರೆಯಬೇಕಾಗುತ್ತದೆ."

"ನನ್ನ ಹೆಸರು ಹಾಕಿಯೇ ಬರೆಯಿರಿ."

ಅವರು ತಲೆಯಾಡಿಸಿದರು. ಒಪ್ಪಿದರೋ, ಬರಿದೇ ಕೇಳಿಸಿಕೊಂಡರೋ ಗೊತ್ತಾಗಲಿಲ್ಲ.

ಪುಸ್ತಕ ಮರುವರ್ಷ ಬಂತು. ಮುಖಪುಟದಲ್ಲಿ ಒಂದೇ ಹೆಸರು. ಅವಳ ಹೆಸರು ನಲವತ್ತೊಂದನೆಯ ಪುಟದ ಅಡಿಟಿಪ್ಪಣಿಯಲ್ಲಿತ್ತು. ರೀಡರ್ ಹುದ್ದೆ ಬೇರೆಯವರಿಗೆ ಹೋಯಿತು. ಬೆಟ್ಟದ ಕೆಳಭಾಗ ಉಳಿಯಿತೆಂದೂ, ಮೇಲಿನ ಇಳಿಜಾರನ್ನು ಕಡಿದರೆಂದೂ ಕುವಾಬಾರಾ ಒಂದು ಸಾಲಿನ ಪತ್ರ ಬರೆದರು. ಇವೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ವಿಮಾನಕ್ಕೆ ಇನ್ನೂ ಹೊತ್ತಿತ್ತು. ರಾಮಚಂದ್ರ ಮನೆಯಲ್ಲೇ ಉಳಿದ. ಕಮಲಾಕ್ಷಿ ಪ್ರೊಫೆಸರನ್ನು ಕಾರಿನಲ್ಲಿ ಊರಂಚಿನ ಲಂಗಾಟಾದ ಕಡೆಯಿಂದ ಸುತ್ತಿಸಿ ವಿಮಾನ ನಿಲ್ದಾಣಕ್ಕೆ ಕರೆದೊಯ್ದಳು. ನ್ಯಾಷನಲ್ ಪಾರ್ಕಿನ ಬೇಲಿ ಹತ್ತಿರವಾದಾಗ ಕುವಾಬಾರಾ ಕೈ ಎತ್ತಿ ನಿಲ್ಲಿಸಲು ಹೇಳಿದರು. ಜಿರಾಫೆ ಕಂಡಿರಬೇಕೆಂದುಕೊಂಡಳು. ಅವರು ಇಳಿದು ಬೇಲಿಯ ಬುಡಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಅಲ್ಲಿ ಕೆಂಪು ಧೂಳು ಮೆತ್ತಿದ ಒಂದು ಸಣ್ಣ ಗಿಡವಿತ್ತು.

"ಇದು ಯಾವುದು?"

ಕಮಲಾಕ್ಷಿ ಬಗ್ಗಿ ನೋಡಿದಳು. ಎಲೆಯ ಹಿಂಬದಿ ತಿರುವಿದಳು. ಹತ್ತು ವರ್ಷದಿಂದ ಈ ಊರಿನಲ್ಲೇ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಳು.

"ಗೊತ್ತಿಲ್ಲ," ಎಂದಳು.

ಕುವಾಬಾರಾ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ತಾರೀಖು ಬರೆದರು. ಸ್ಥಳ ಬರೆದರು. ಹೆಸರಿಗೆ ಜಾಗ ಬಿಟ್ಟರು. ಆಮೇಲೆ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಅವಳ ಕಡೆ ಚಾಚಿ, "ಎಲೆ ಎಷ್ಟಿವೆ?" ಎಂದು ಕೇಳಿದರು.

ಅವಳು ಸೀರೆಯ ನೆರಿಗೆ ಒತ್ತಟ್ಟಿಗೆ ಮಾಡಿಕೊಂಡು ಧೂಳಿನಲ್ಲಿ ಮಂಡಿಯೂರಿ, ಬುಡದಿಂದ ಎಣಿಸತೊಡಗಿದಳು.