ಸೆರಗು ಬಿಟ್ಟು ಉಳಿದದ್ದು

"ಹನ್ನೆರಡು ವರ್ಷದ ಕತ್ತಿಗೆ ಲಂಗೋಟಿ ಕೇಳಾಕ ಬಂದೀಯಲ್ಲ, ನಾಚಿಕಿ ಬರೂದಿಲ್ಲನ ನಿನಗ?" ಎಂದು ವಿಮಾ ಸಾಹೇಬ ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡ. "ಅದನ್ನ ಹೊತ್ಕೊಂಡು ಒಳಗ ಬರಬ್ಯಾಡ. ಹೊರಗ ಇಳಿಸಿ ಬಾ. ಕುರ್ಚಿ ಮ್ಯಾಲ ಉಚ್ಚಿ ಹೊಯ್ದಾಳು."

ರೇಣವ್ವ ಮಗಳನ್ನು ಕೆಳಗಿಳಿಸಲಿಲ್ಲ. ಇಳಿಸಿದರೆ ಕೂರಲು ಬರಬೇಕಲ್ಲ! ಮಾಯವ್ವನಿಗೆ ಹುಟ್ಟಿನಿಂದಲೂ ಸೊಂಟ ನಿಲ್ಲುವುದಿಲ್ಲ, ಮಾತಿಲ್ಲ, ಉಚ್ಚೆಯ ಮೇಲೆ ಹಿಡಿತವಿಲ್ಲ. ನಗು ಮಾತ್ರ ಬರುತ್ತದೆ. ಸಾಹೇಬ ಬೈಯುತ್ತಿದ್ದರೆ ಅವನ ಕೈಗಡಿಯಾರದ ಹೊಳಪು ನೋಡಿ ನಗುತ್ತಿತ್ತು, ಪಾಪದ ಕೂಸು.

ನಾನು ಕಾಸಿಂಬಿ. ಇಳಕಲ್ಲಿನ ಗುರಪ್ಪ ಸಾವ್ಕಾರನ ಶೆಡ್ಡಿನಲ್ಲಿ ನನ್ನ ಮಗ್ಗ, ರೇಣವ್ವನ ಮಗ್ಗ ಪಕ್ಕಪಕ್ಕ. ಗಂಡ ಎದೆರೋಗದಿಂದ ಸತ್ತ ಮೇಲೆ ಅವನ ಮಗ್ಗದ ಕುಣಿಗೆ, ಕಾಲು ಇಳಿಬಿಟ್ಟು ಕೂರುವ ಗುಂಡಿಗೆ, ಅವಳು ಇಳಿದಳು. ಎಂಬತ್ನಾಲ್ಕೋ ಎಂಬತ್ತೈದೋ, ಆ ವರ್ಷ ನಮಗೂ ವಿಮೆ ಬಂತು. ಮೈಗೆ ಏನಾದರೂ ಆದರೆ ವಿಮೆ ನೋಡಿಕೊಳ್ಳುತ್ತದೆ ಎಂದು ಸಾವ್ಕಾರ ವಾರದ ಪಗಾರದಲ್ಲಿ ದುಡ್ಡು ಹಿಡಿಯತೊಡಗಿದ. ಸೋಮವಾರಕ್ಕೊಮ್ಮೆ ಬಾಗಲಕೋಟೆಯಿಂದ ಈ ಸಾಹೇಬ ವಿಮಾ ದವಾಖಾನೆಗೆ ಬಂದು ಕೂರುತ್ತಿದ್ದ.

"ಲಂಗೋಟಿ ಅಲ್ರಿ ಯಪ್ಪಾ," ಎಂದಳು ರೇಣವ್ವ. "ಗಾಯಕ್ಕ ಕಟ್ತಾರಲ್ರಿ, ಆ ಹತ್ತಿ, ಆ ಜಾಳ ಅರಬಿ ಕೊಡ್ರಿ. ಹಸ್ಯಾಗ ಬಿದ್ದು ಬಿದ್ದು ಮೈ ಕೆಂಪಾಗೇತ್ರಿ."

"ವಿಮಾ ರೋಗಕ್ಕ ಕೊಡತೈತಿ. ಇದು ರೋಗಲ್ಲ, ಹುಟ್ಟು. ನಿನ್ನ ಮಗಳ ಉಚ್ಚಿಗೆ ಸರಕಾರ ಅರಬಿ ಹೊಲಿಸಬೇಕನ?"

"ಪಗಾರದಾಗ ಹಿಡೀತಾರಲ್ರಿ..."

"ಗಾಯ ಆದ್ರ ಬಾ. ಗಾಯ ಇದ್ದವ್ರಿಗೆ ಹತ್ತಿ ಐತಿ. ನಡಿ ನಡಿ, ನಾರತೈತಿ."

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ಹಳೆಯ ಮೆತ್ತನೆಯ ಸೀರೆ ಹರಿದು ಒಯ್ದು ಕೊಡುತ್ತೇವೆ. ಕೂಸಿಗೆ ಹಲ್ಲು ಮೂಡಿದ ಮೇಲೆ ಕೊಡುವುದಿಲ್ಲ. ಕೊಟ್ಟರೆ ಆ ಮನೆಗೆ ಕೇಡಂತೆ. ಮಾಯವ್ವನಿಗೆ ಹಲ್ಲು ಮೂಡಿ ಎಷ್ಟೋ ಕಾಲವಾಗಿತ್ತು. ಸೀರೆ ನೇಯುವ ಕೈಗಳಿಗೆ ಹಳೆ ಅರಿವೆಗೂ ಬರ ಎಂದರೆ ಪೇಟೆಯ ಮಂದಿ ನಂಬುವುದಿಲ್ಲ, ನಂಬದಿದ್ದರೆ ಸಾಯಲಿ. ಒಮ್ಮೆ ಸಾವ್ಕಾರನ ಹೆಂಡತಿ ಮಹಾ ಉಪಕಾರ ಎಂಬಂತೆ ಹರಿದ ರೇಷ್ಮೆ ಸೀರೆ ಕೊಟ್ಟಳು. ರೇಷ್ಮೆ ಉಚ್ಚೆ ಕುಡಿಯುವುದಿಲ್ಲ. ಅದು ಕೌದಿಯ ತುಂಬ ಹರಿಯಿತು.

ದಿನಾ ಊಟದ ಹೊತ್ತಿಗೆ ರೇಣವ್ವ ರೊಟ್ಟಿ ಬಿಟ್ಟು ಮನೆಗೆ ಓಡುತ್ತಿದ್ದಳು, ಮಗಳ ಅರಿವೆ ಬದಲಿಸಲು. ಆ ವಾರ ಓಡಲಿಲ್ಲ. ಕುಣಿಯಲ್ಲೇ ಕಾಲಿಟ್ಟು ಲಾಳಿ ಎಸೆಯುತ್ತ ಕೂತಳು. ಎಳೆ ಮೇಲೆ ಎಳೆ ತಪ್ಪುತ್ತಿತ್ತು.

"ಹೋಗಲಿಲ್ಲೇನ ಮನಿಗೆ?" ಎಂದೆ.

"ಗಾಯ ಆಗಬೇಕಲ್ಲ ಕಾಸಿಂಬಿ," ಎಂದಳು, ನನ್ನ ಕಡೆ ನೋಡದೆ. "ಒಂದ್ ಸಣ್ಣ ಗಾಯ. ಆಮ್ಯಾಲ ಹತ್ತಿ ಕೊಡ್ತಾರಂತ. ಸಾಹೇಬ್ರ ಹೇಳ್ಯಾರಲ್ಲ."

ನಾನೇ ಎದ್ದು ಓಡಿದೆ. ಕೂಸು ಒದ್ದೆಯಲ್ಲಿ ಬಿದ್ದುಕೊಂಡು ಜಂತಿ ನೋಡಿ ನಗುತ್ತಿತ್ತು. ಬದಲಿಸಲು ಒಣ ಅರಿವೆ ಒಂದೂ ಇರಲಿಲ್ಲ.

ಸೋಮವಾರದ ಹೊತ್ತಿಗೆ ಸೊಂಟದ ಕೆಳಗೆ ಗಾಯವಾಗಿತ್ತು. ನಾನೂ ಜೊತೆಗೆ ಹೋದೆ. ಕಂಪೌಂಡರ್ ಗಾಯದ ಮೇಲೆ ಅಂಗೈ ಚಾಚಿ ಅಳೆದ. ಅಂಗೈಯಗಲದ ಗಾಯ. ಅಂಗೈಯಗಲದ ಜಾಳ ಬಟ್ಟೆ ಕತ್ತರಿಸಿ ಒಂದು ಉಂಡೆ ಹತ್ತಿ ಇಟ್ಟ.

"ಇಷ್ಟನರೀ?" ಎಂದಳು ರೇಣವ್ವ.

"ಗಾಯ ಎಷ್ಟ ಐತಿ ಅಷ್ಟ. ಮಾಯ್ದ್ರ ಮತ್ತ ಬರಬ್ಯಾಡ."

ಸಾಹೇಬ ದೂರದಿಂದಲೇ ಇಣುಕಿ ನೋಡಿದ. "ಇಷ್ಟು ಕೊಳಿಯೂತನ ಏನ್ ಹರೀತಿದ್ದಿ ಮನ್ಯಾಗ? ನೀ ತಾಯಿಯೋ, ರಾಕ್ಷಸಿಯೋ?"

ರೇಣವ್ವ ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು. ಹನ್ನೆರಡು ವರ್ಷ ಒಂದು ದಿನವೂ ಮಗಳ ಮುಂದೆ ಅಳದವಳು ದವಾಖಾನೆಯ ಮೆಟ್ಟಿಲ ಮೇಲೆ ಎದೆ ಬಡಿದುಕೊಂಡು ಅತ್ತಳು. ಹಿಂದಿನಿಂದ ಸಾಹೇಬನ ದನಿ ಕೇಳಿತು: "ಏಯ್, ನಿಮ್ಮ ಸಾವ್ಕಾರಗ ಹೇಳು. ನಮ್ಮ ಮನ್ಯಾವ್ರ ಸೀರಿ ಬರೂ ಸೋಮವಾರ ಬೇಕು."

ಆ ಸೀರೆ ರೇಣವ್ವನ ಮಗ್ಗದ ಮೇಲೇ ಇತ್ತು. ಸಾಹೇಬನಿಗೆ ಸಾವ್ಕಾರನ ಕಾಣಿಕೆ. ಒಡಲು ನೀಲಿ ಹತ್ತಿ, ಸೆರಗು ಕೆಂಪು ರೇಷ್ಮೆ. ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಆ ವಾರ ರೇಣವ್ವ ಅದನ್ನು ನೇಯ್ದು ಮುಗಿಸಿದಳು. ಒಂದು ಎಳೆಯೂ ತಪ್ಪಲಿಲ್ಲ. ಊಟದ ಹೊತ್ತಿಗೆ ಮಾತ್ರ ಮತ್ತೆ ಮನೆಗೆ ಓಡುತ್ತಿದ್ದಳು. ಆದರೆ ಗಾಯ ಹಸಿಯಲ್ಲಿ ಅಗಲವಾಗುತ್ತಲೇ ಇತ್ತು.

ಸೋಮವಾರ ಬೆಳಿಗ್ಗೆ ಸೀರೆ ಇಳಿಸಿದಳು. "ಕಾಸಿಂಬಿ, ಆ ತುದಿ ಹಿಡಿ," ಎಂದಳು. ಹಿಡಿದೆ. ಅವಳು ಕೊಂಡಿಯ ಗುಂಟ ಕತ್ತರಿ ಆಡಿಸಿದಳು. ಸೆರಗು ನನ್ನ ಕೈಯಲ್ಲಿ ಉಳಿಯಿತು. ನೀಲಿ ಒಡಲನ್ನು ಪರ್ರನೆ ಹರಿಯುತ್ತ ಹೋದಳು. ಶೆಡ್ಡಿನ ಮಗ್ಗಗಳೆಲ್ಲ ನಿಂತವು. ಯಾರೂ ಬೇಡ ಎನ್ನಲಿಲ್ಲ.

ದವಾಖಾನೆಯಲ್ಲಿ ಸಾವ್ಕಾರನೂ ಸಾಹೇಬನೂ ಚಹಾ ಕುಡಿಯುತ್ತಿದ್ದರು. ರೇಣವ್ವ ಮಗಳನ್ನು ಹೊತ್ತುಕೊಂಡೇ ಒಳಗೆ ನುಗ್ಗಿದಳು, ಹಿಂದೆ ನಾನು. ಕೆಂಪು ಸೆರಗನ್ನು ಮೇಜಿನ ಮೇಲೆ ಹಾಸಿದಳು.

"ನಿಮ್ಮ ಮನ್ಯಾವ್ರ ಸೀರಿರಿ ಸಾಹೇಬ್ರ. ರೇಷ್ಮಿ ಉಚ್ಚಿ ಕುಡ್ಯಾಂಗಿಲ್ಲ, ಅದಕ್ಕ ಅದನ್ನ ನಿಮಗ ಬಿಟ್ಟೇನಿ."

"ಉಳಿದ ಸೀರಿ ಎಲ್ಲೈತಿ ರಂಡೆ?" ಸಾವ್ಕಾರ ಎದ್ದ ರಭಸಕ್ಕೆ ಚಹಾ ಚೆಲ್ಲಿತು.

ರೇಣವ್ವ ಮಗಳ ಲಂಗ ಎತ್ತಿ ತೋರಿಸಿದಳು. ಸೊಂಟದ ಸುತ್ತ ಹೊಸ ನೀಲಿ, ಅಂಚಿನಲ್ಲಿ ಕೆಂಪು ದಡಿ.

ಪೊಲೀಸನನ್ನು ಕರೆಸಿದರು. ಕೂಸನ್ನು ನನ್ನ ಹೆಗಲಿಗೆ ಹಾಕಿ ರೇಣವ್ವ ಅವನ ಮುಂದೆ ನಡೆದಳು. ಬಾಗಿಲಲ್ಲಿ ತಿರುಗಿ ಹೇಳಿದ್ದು ಒಂದೇ ಮಾತು: "ಎಡಕ್ಕ ಮಲಗಸಬ್ಯಾಡ ಯವ್ವಾ, ಗಾಯ ಆ ಕಡೆ ಐತಿ."

ಕಳವಿನ ಮಾಲು ಬಿಡುವುದುಂಟೆ? ಸಾವ್ಕಾರ ಹೇಳಿದ, ಕಂಪೌಂಡರ್ ಮುಖ ತಿರುಗಿಸಿಕೊಂಡು ಕೂಸಿನ ಸೊಂಟದಿಂದ ನೀಲಿ ಬಟ್ಟೆ ಬಿಚ್ಚಿಕೊಂಡ. ಮಾಯವ್ವ ಬಾಗಿಲ ಕಡೆ ಕೈ ಚಾಚಿತು. ಅವತ್ತು ಮೊದಲ ಸಲ ಅದು ನಗಲಿಲ್ಲ.

"ಇನ್ನ ನಡಿ ಹೊರಗ," ಎಂದ ಸಾಹೇಬ. ಗಲಾಟೆಯಲ್ಲಿ ಎದ್ದು ನಿಂತವನು ಇನ್ನೂ ನಿಂತೇ ಇದ್ದ.

ನಾನು ಹೋಗಲಿಲ್ಲ. ಮೇಜನ್ನು ಸುತ್ತಿ ಹೋಗಿ ಕೂಸಿನೊಂದಿಗೆ ಅವನ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ತೊಡೆಯ ಮೇಲೆ ಬೆಚ್ಚಗೆ ಹರಿಯಿತು. ಸೀರೆ ತೊಯ್ದು ಕುರ್ಚಿಯ ಮೆತ್ತೆಗೆ ಇಳಿದು, ಅದರ ಕಾಲಗುಂಟ ನೆಲಕ್ಕೆ ತೊಟ್ಟಿಕ್ಕತೊಡಗಿತು.

"ಇವತ್ತ ಸೋಮವಾರ ಅಲ್ಲೇನ್ರಿ?" ಎಂದೆ. "ಗಾಯ ಅಳೀಯಾಕ ಹಚ್ರಿ. ಹೋದ ವಾರಕ್ಕಿಂತ ದೊಡ್ಡದಾಗೇತಿ."