ಮೊದಲು ಹೋಗಬೇಕಾದದ್ದು

"ಮುಂದಿನ ಶನಿವಾರ ನಾನಂತೂ ಒಂದು ಸ್ಕ್ರೂ ಕೂಡ ಮುಟ್ಟಲ್ಲ," ಎಂದು ಮಾಲ್ಸುನ್ ಅಕ್ಕ ಕೈಗವಸು ಬಿಚ್ಚಿ ಮೇಜಿನ ಮೇಲೆ ಇಟ್ಟೇಬಿಟ್ಟಳು. ಪಾಲಿಶ್ ಮಾಡುವ ಉಳಿದವರೂ ಒಬ್ಬೊಬ್ಬರಾಗಿ ಬಿಚ್ಚಿದರು. ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯ ಪಕ್ಕ ನಿಂತಿದ್ದ ನಾರೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದೇಗು ನಗರದ ಆ ಕನ್ನಡಕದ ಫ್ರೇಮ್ ಕಾರ್ಖಾನೆಯಲ್ಲಿ ನಾರೆ ಈವರೆಗೆ ಫೋನ್ ಎತ್ತುವವಳು. ಕಾರ್ಖಾನೆ ನದಿಯಾಚೆಯ ಹೊಸ ಕಟ್ಟಡಕ್ಕೆ ಹೋಗುವುದೆಂದಾಗ ಮಾಲೀಕ ಮೇಂಗ್, "ಇದನ್ನ ನೀನೇ ನೋಡ್ಕೊಳ್ಳಮ್ಮಾ" ಎಂದು, ಕೆಲಸದ ಯೋಜನೆ ಹಾಕುವುದನ್ನು ಕಲಿಸುವ ತರಗತಿಗೆ ಅವಳನ್ನು ಕಳಿಸಿದ್ದರು. ಅಲ್ಲಿಂದ ಬಂದವಳು ಭಾರೀ ಹುರುಪಿನಲ್ಲಿ ಇಡೀ ಕೆಲಸವನ್ನು ತುಂಡು ತುಂಡು ಮಾಡಿ, ಯಾವುದರ ಹಿಂದೆ ಯಾವುದು, ಯಾವುದು ಯಾರ ಪಾಲಿಗೆ ಎಂದು ಹಾಳೆಯ ಮೇಲೆ ಬಣ್ಣದ ಪಟ್ಟಿಗಳನ್ನು ಅಂಟಿಸಿದ್ದಳು. ಶನಿವಾರ ಯಂತ್ರಗಳು ಹೊರಟರೆ ಸೋಮವಾರ ಕೆಲಸ ಶುರು. ಸರಿಹೋದರೆ ಇನ್ನು ಮುಂದೆ ಇಂಥ ಕೆಲಸವೆಲ್ಲ ನಿನ್ನದೇ ಎಂದು ಮೇಂಗ್ ಮಾತು ಕೊಟ್ಟಿದ್ದರು. ಕೆಟ್ಟರೆ ಮತ್ತೆ ಫೋನೇ ಗತಿ.

"ಅಕ್ಕಾ, ಅವತ್ತು ಲಾರಿಗಳೆಲ್ಲ ಖಾಲಿ ಇದ್ವು. ಕೇಳಿದ ತಕ್ಷಣ ಸಿಕ್ತು!"

"ಯಾಕೆ ಖಾಲಿ ಇದ್ವು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಮಾಲ್ಸುನ್ ಅಕ್ಕ ಅವಳನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ದೊಡ್ಡ ಅಂಕಿಗಳ ಕೆಳಗಿದ್ದ ಚಾಂದ್ರಮಾನದ ಸಣ್ಣ ಅಂಕಿಗಳ ಮೇಲೆ ಬೆರಳಿಟ್ಟಳು. "ಅವತ್ತು ಪೀಡೆ ಊರು ಸುತ್ತೋ ದಿನ. ಜಾಗ ಬದಲಾಯಿಸೋರ ಬೆನ್ನು ಹತ್ತುತ್ತೆ. ಅದು ಆಕಾಶಕ್ಕೆ ಹೋದ ದಿನ ಮಾತ್ರ ಸಾಮಾನು ಎತ್ಬೇಕು. ಇಷ್ಟೂ ಹೇಳ್ಕೊಡಲ್ವಾ ನಿಮ್ಮ ತರಗತೀಲಿ?"

ನಂಬುತ್ತೀರಾ ಎಂದು ಕೇಳಿದರೆ ದೇಗುವಿನಲ್ಲಿ ಯಾರೂ ಹೂಂ ಅನ್ನುವುದಿಲ್ಲ. ಆದರೆ ಲಾರಿಯವನಿಗೆ ಫೋನ್ ಮಾಡುವ ಮುಂಚೆ ಆ ಸಣ್ಣ ಅಂಕಿಗಳತ್ತ ಕಣ್ಣು ಹಾಯಿಸದವರೂ ಕಡಿಮೆ. ಗದ್ದಲ ಕೇಳಿ ಬಂದ ಮೇಂಗ್ ಕೂಡ, "ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲಪ್ಪ," ಎಂದು ಕ್ಯಾಲೆಂಡರಿನಿಂದ ಒಂದು ಹೆಜ್ಜೆ ದೂರ ನಿಂತರು. "ಆದ್ರೂ ನಾರೆ, ಕೆಲಸ ಮಾಡೋರನ್ನೇ ಕೇಳದೆ ಯೋಜನೆ ಹಾಕಿದ್ಯಾ?"

ಅವರನ್ನು ಕೇಳಬೇಕು ಎನ್ನುವುದೇ ತರಗತಿಯ ಮೊದಲ ಪಾಠವಾಗಿತ್ತು. ನಾರೆಯ ಕಿವಿಗಳು ಕೆಂಪಾದವು. ಮುಂದಿನ ಒಳ್ಳೆಯ ದಿನಗಳಿಗೆ ಊರಿನ ಲಾರಿಗಳೆಲ್ಲ ಎಂದೋ ಬುಕ್ ಆಗಿಹೋಗಿದ್ದವು. ಹಳೆಯ ಕಟ್ಟಡವನ್ನೋ ಆ ಭಾನುವಾರವೇ ಬಿಟ್ಟುಕೊಡಬೇಕು.

ಅವಳು ಒಂದು ಸ್ಟೂಲ್ ಎಳೆದುಕೊಂಡು ಮಾಲ್ಸುನ್ ಅಕ್ಕನ ಪಕ್ಕ ಕುಳಿತಳು. ಪೀಡೆಯ ಈ ಲೆಕ್ಕವನ್ನೂ ತುಂಡು ಮಾಡಿ ನೋಡೋಣ ಎನ್ನಿಸಿತ್ತು.

"ಅಕ್ಕಾ, ಇವರು ಜಾಗ ಬದಲಾಯಿಸಿದ್ರು ಅಂತ ಪೀಡೆಗೆ ಗೊತ್ತಾಗೋದು ಯಾವಾಗ? ಎಲ್ಲ ಸಾಮಾನು ಹೋದ ಮೇಲಾ? ಒಂದು ಮೇಜು ಹೋದ್ರೂ ಸಾಕಾ?"

"ಮೇಜು ಯಾವ ಲೆಕ್ಕ? ಅನ್ನದ ಕುಕ್ಕರ್ ಎಲ್ಲಿದ್ಯೋ ಅಲ್ಲೇ ಮನೆ. ನನ್ನ ತಂಗಿ ಹಾಗೇ ಮಾಡಿದ್ಲು, ಒಳ್ಳೇ ದಿನ ನೋಡಿ ಕುಕ್ಕರ್ ಮೊದಲು..." ಮಾಲ್ಸುನ್ ಅಕ್ಕ ಅಲ್ಲಿಗೇ ನಿಲ್ಲಿಸಿದಳು. ಇಬ್ಬರೂ ಒಟ್ಟಿಗೆ, ಕಾರ್ಖಾನೆಯವರಿಗೆಲ್ಲ ಮಧ್ಯಾಹ್ನದ ಅನ್ನ ಬೇಯುವ ಅಡುಗೆಕೋಣೆಯತ್ತ ತಿರುಗಿದರು.

"ಬುಧವಾರ ಹೇಗಿದೆ ಅಕ್ಕಾ?"

"ಬುಧವಾರ ಒಳ್ಳೇದೇ. ಕುಕ್ಕರ್ ಹೋದ್ರೆ ನಾವೂ ಹೋದ ಹಾಗೆ. ಶನಿವಾರದ್ದು ಬರೀ ಸಾಮಾನು. ಆದ್ರೆ ಖಾಲಿ ಕುಕ್ಕರ್ ಬೇಡ. ಅನ್ನ ಅಲ್ಲೇ ಆಗ್ಬೇಕು, ಎಲ್ರೂ ಉಣ್ಬೇಕು."

ಕುಕ್ಕರ್ ಕರೆಂಟಿನದು, ಹೊಸ ಕಟ್ಟಡಕ್ಕೆ ಕರೆಂಟು ಬರುವುದೋ ಶುಕ್ರವಾರ. ನಾರೆ ಹಾಳೆಯಿಂದ ಆ ಪಟ್ಟಿ ಕಿತ್ತು ಮಂಗಳವಾರಕ್ಕೆ ಅಂಟಿಸಿದಳು. ಕರೆಂಟಿನವನು ಬರಬೇಕಾದರೆ ಬಣ್ಣದವರು ಮುಗಿಸಿರಬೇಕು, ಬಣ್ಣದವರಿಗೆ ಬೀಗದ ಕೈ ಬೇಕು. ಒಂದನ್ನು ಎಳೆದರೆ ಮೂರು ಜೊತೆಗೆ ಬಂದವು, ಅವಳಿಗೆ ಖುಷಿಯೋ ಖುಷಿ. ಈ ಸಲ ಪ್ರತಿ ಪಟ್ಟಿ ಅಂಟಿಸುವ ಮುಂಚೆ ಅದರವರಿಗೆ ಫೋನ್ ಮಾಡಿ ಕೇಳಿದಳು.

"ಒಂದು ಕುಕ್ಕರಿಗೋಸ್ಕರ ನಾನು ಓಡಿ ಬರ್ಬೇಕಾ?" ಎಂದು ಕರೆಂಟಿನವನು ರೇಗಿದ. ಬುಧವಾರ ಎಂದಾಗ ಅವನ ದನಿ ಬದಲಾಯಿತು. "ಓಹೋ, ಅದಕ್ಕಾ! ಮೊದಲೇ ಹೇಳ್ಬಾರ್ದಾ ತಾಯಿ?"

ಬುಧವಾರ ಮೇಂಗ್‌ರ ಕಾರಿನ ಮುಂದಿನ ಸೀಟಿನಲ್ಲಿ ಸೀಟ್ ಬೆಲ್ಟ್ ಹಾಕಿಸಿಕೊಂಡು ಕುಕ್ಕರ್ ಹೊರಟಿತು. ಬಣ್ಣದ ವಾಸನೆ ಹೋಗದ ಬೋಳು ಹಾಲ್‌ನಲ್ಲಿ ಅದು ಬುಸ್ಸೆಂದು ಹಬೆ ಬಿಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ರಟ್ಟು ಹಾಸಿ ಕುಳಿತರು. ಮಾಲ್ಸುನ್ ಅಕ್ಕ ಕಿಮ್ಚಿಯ ಎಲೆಯೊಂದನ್ನು ಕೈಯಲ್ಲೇ ಉದ್ದಕ್ಕೆ ಸೀಳಿ, ನಾರೆಯ ಅನ್ನದ ಮೇಲಿಟ್ಟಳು.

"ಶನಿವಾರ ನನ್ನ ಮಷೀನು ಎಷ್ಟು ಹೊತ್ತಿಗೆ ಹೊರಡ್ಬೇಕು?"

ಬಾಯ್ತುಂಬ ಅನ್ನವಿದ್ದ ನಾರೆ ಅವಳ ಮುಖವನ್ನೇ ನೋಡಿದಳು.

"ಏನೇ ಹಾಗೆ ನೋಡ್ತೀಯಾ? ನಂದು ಮೊದಲ್ನೇ ಲಾರಿಗೆ ಹಾಕು. ಬೆಲ್ಟೆಲ್ಲ ಬಿಚ್ಚಿ ರೆಡಿ ಇಟ್ಟಿರ್ತೀನಿ."

"ಹಂಗಾದ್ರೆ ನಂದು?" "ಅಯ್ಯೋ, ನಂದು ಎಲ್ಲಿ ಕೂರುತ್ತೆ ಅಂತಾದ್ರೂ ಹೇಳು!" ಎಂದು ಉಳಿದವರೂ ಶುರು ಮಾಡಿದರು.

ನಾರೆ ಎದ್ದು ನಿಂತು, ಹಿಡಿದ ಚಮಚದಲ್ಲೇ ಬರಿಯ ನೆಲದ ಮೇಲೆ ಒಬ್ಬೊಬ್ಬರ ಜಾಗ ತೋರಿಸಿದಳು. ಕಿಟಕಿಯ ಪಕ್ಕ ಮಾಲ್ಸುನ್ ಅಕ್ಕ, ಆಮೇಲೆ ಫ್ರೇಮ್ ಕೊರೆಯುವವರು, ಬಾಗಿಲ ಹತ್ತಿರ ಪೆಟ್ಟಿಗೆ ಕಟ್ಟುವವರು. ಅವರು ಬಟ್ಟಲು ಹಿಡಿದುಕೊಂಡು ತಮ್ಮ ತಮ್ಮ ಜಾಗಕ್ಕೆ ನಡೆದು, ಅಲ್ಲೇ ನಿಂತು ಉಣ್ಣತೊಡಗಿದರು.