ದೇವರ ಪಾಲಿನ ಬಾಟಲಿ

ಕಮಲವ್ವನಿಗೆ ಗಂಡನ ಒಂದೇ ಒಂದು ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಡಲ್ಲಾಸಿನಲ್ಲಿ ಯಾರ ಮನೆಯ ಸಮಾರಂಭಕ್ಕೆ ಹೋಗಲಿ, ತಟ್ಟೆ ಕೈಗೆ ಬಂದ ಕೂಡಲೇ ಚನ್ನವೀರಪ್ಪ ಬಡಿಸುವವರ ಕಡೆ ಬಾಗಿ, "ಇದರಾಗ ಸಕ್ರಿ ಐತೇನವಾ?" ಎಂದು ಸಣ್ಣ ದನಿಯಲ್ಲಿ ಕೇಳುತ್ತಿದ್ದರು. ಅಲ್ಲೇ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಟೈಲ್ಸ್ ಅಂಗಡಿ ಇಟ್ಟು, ಎಂಥೆಂಥ ಗಿರಾಕಿಗಳ ಎದುರೂ ಗುಡುಗುವ ಮನುಷ್ಯ ಒಂದು ಲಾಡುವಿನ ಮುಂದೆ ತಪ್ಪು ಮಾಡಿದವರ ಹಾಗೆ ನಿಲ್ಲುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಅಷ್ಟಕ್ಕೇ ಮುಗಿಯುತ್ತಲೂ ಇರಲಿಲ್ಲ. ಆ ಮನೆಯವರು ಗಡಿಬಿಡಿಯಿಂದ ಒಳಗೆ ಓಡಿ 'ಶುಗರ್ ಇದ್ದವರಿಗೆ' ಎಂದು ಚೀಟಿ ಅಂಟಿಸಿದ ಟ್ರೇ ತರುತ್ತಿದ್ದರು. ಅದರಲ್ಲಿ ಸಾಮಾನ್ಯವಾಗಿ ಸೌತೆಕಾಯಿ ಇರುತ್ತಿತ್ತು.

ಮಗ ಸಂಗಮೇಶ್ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಮನೆ ಕೊಂಡು ವಾಸ್ತುಶಾಂತಿಗೆ ದಿನ ಗೊತ್ತು ಮಾಡಿದಾಗ ಕಮಲವ್ವ ಮನಸ್ಸಿನಲ್ಲೇ ಒಂದು ಪಣ ತೊಟ್ಟಳು. ಹೋಳಿಗೆ ಇರಲಿ, ಪಾಯಸ ಇರಲಿ, ಅದು ಬೇರೆ ಮಾತು. ಆದರೆ ಬಂದವರ ಕೈಗೆ ಎಲ್ಲಕ್ಕಿಂತ ಮೊದಲು ಹೋಗುವ ಪಾನಕ ಎಲ್ಲರಿಗೂ ಒಂದೇ ಆಗಿರಬೇಕು, ಮತ್ತು ಅದರಲ್ಲಿ ಸಕ್ಕರೆ ಇರಬಾರದು. ತನ್ನ ಮಗನ ಮನೆಯಲ್ಲಿ ಅವನ ಅಪ್ಪ ಯಾರನ್ನೂ ಏನನ್ನೂ ಕೇಳಬಾರದು.

ಆ ಪಾನಕಕ್ಕೆ ಹಣ್ಣು ಸಿಕ್ಕಿದ್ದು ಆಸ್ಟಿನ್‌ನಲ್ಲಿ. ಮಗಳು ಐಶ್ವರ್ಯಾ ಅಲ್ಲಿ ದ ಡೊಮೇನ್ ಎಂಬ ಬಡಾವಣೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಅವಳ ಗೆಳತಿಗೆ ಊರಾಚೆ ಒಂದು ತುಂಡು ಜಮೀನಿತ್ತು, ಜಮೀನಿನ ಅಂಚಿಗೆ ಹಳ್ಳ, ಹಳ್ಳದ ದಂಡೆಯ ಉದ್ದಕ್ಕೂ ಎಲ್ಡರ್‌ಬೆರಿ ಗಿಡ. ಜುಲೈ ತಿಂಗಳ ಬಿಸಿಲಿನಲ್ಲಿ ಅಪ್ಪ, ಅವ್ವ, ಮಗಳು ಮೂವರೂ ಬಕೆಟ್ ಹಿಡಿದು ಹೋದರು. ಕಾಳುಮೆಣಸಿಗಿಂತ ಚೂರು ದಪ್ಪನೆಯ ಕಪ್ಪು ಹಣ್ಣುಗಳು ಗೊಂಚಲು ಗೊಂಚಲಾಗಿ ಬಾಗಿದ್ದವು. ಚನ್ನವೀರಪ್ಪ ಅವನ್ನು ನೋಡಿದ್ದೇ ತಡ, ಇದು ನೇರಳೆ ಹಣ್ಣಿನ ತಮ್ಮನೇ ಎಂದು ತೀರ್ಮಾನಿಸಿ, ಉಪ್ಪು ತಂದಿದ್ದೀರೇನು ಎಂದು ಕೇಳಿ, ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಲು ಹೋದರು. ಐಶ್ವರ್ಯಾ ಓಡಿಬಂದು ಕೈ ಹಿಡಿದಳು. ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ, ಬೇಯಿಸಲೇಬೇಕು ಎಂದು ಫೋನಿನಲ್ಲಿ ತೋರಿಸಿದಳು. ಹೋಗಲಿ, ಬೀಜವನ್ನಾದರೂ ಒಣಗಿಸಿ ಪುಡಿ ಮಾಡಿಟ್ಟರೆ ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲವೇ ಎಂದರು. ಅದೂ ಕೂಡದು ಎಂದು ಗೊತ್ತಾದ ಮೇಲೆ, ಇದೆಂಥಾ ನೇರಳೆ ಎಂದು ಗೊಣಗುತ್ತ ಬಕೆಟ್ ತುಂಬಿಸಿದರು.

ಎಲ್ಲಕ್ಕಿಂತ ಬೇಜಾರಿನ ಕೆಲಸ ಬಿಡಿಸುವುದು. ಗೊಂಚಲುಗಳನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಕೊಡವಿದರೆ ಹಣ್ಣು ತಾನೇ ಉದುರುತ್ತದೆ. ಆದರೆ ಹಸಿರು ಕಾಯಿ, ಕಡ್ಡಿ, ಎಲೆ ಒಂದೂ ಉಳಿಯದ ಹಾಗೆ ಅಕ್ಕಿ ಆರಿಸಿದಂತೆ ಆರಿಸಬೇಕು. ರಿಚರ್ಡ್‌ಸನ್ನಿನ ಮನೆಯ ಅಡುಗೆಕೋಣೆಯಲ್ಲಿ ಕಮಲವ್ವ ಹಣ್ಣನ್ನು ಸ್ವಲ್ಪ ನೀರಿನೊಂದಿಗೆ ಕುದಿಸಿ, ಹಿಸುಕಿ, ಬಟ್ಟೆಯಲ್ಲಿ ಸೋಸಿದಳು. ಆ ಬಟ್ಟೆ ಗಂಡನ ಹಳೆಯ ಪಂಚೆ. ಇನ್ನೆಂದೂ ಅದು ಬೆಳ್ಳಗಾಗುವ ಹಾಗಿರಲಿಲ್ಲ. ಮೂಗಿಗಾದರೂ ಸಿಹಿ ಎನ್ನಿಸಲಿ ಎಂದು ಏಲಕ್ಕಿ ಹಾಕಿ ಕುದಿಸಿ ತೆಗೆದಳು. ಕೆಡದಿರಲು ಹುಳಿ ಬೇಕು ಎಂದು ನಿಂಬೆರಸ ಅಳೆದು ಬೆರೆಸಿದಳು. ಬಿಸಿ ರಸವನ್ನು ಅಗಲ ಬಾಯಿಯ ಗಾಜಿನ ಬಾಟಲಿಗಳಿಗೆ ತುಂಬಿ, ತಗಡಿನ ಮುಚ್ಚಳ ಹಾಕಿ, ಅವನ್ನು ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟು, ಹೊರತೆಗೆದು ಟವೆಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದಳು.

ಆಮೇಲೆ ಕಾಯುವುದು. ಬಾಟಲಿ ಆರುತ್ತಿದ್ದಂತೆ ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ಕೆಳಗೆ ಎಳೆಯುತ್ತದೆ, ಟಕ್ ಎಂದು ಸದ್ದಾಗುತ್ತದೆ. ಹಾಗಾದರೆ ಭದ್ರವಾಯಿತೆಂದು ಅರ್ಥ. ಆ ಮುಚ್ಚಳವನ್ನು ಬೆರಳಿನಿಂದ ಒತ್ತಿದರೆ ಅದು ಅಲುಗದು. ಯಾರಾದರೂ ಒಮ್ಮೆ ತೆರೆದರೋ, ಆಮೇಲೆ ಒತ್ತಿದಾಗಲೆಲ್ಲ ಟಕ್‌ಟಕ್ ಎಂದು ಚಾಡಿ ಹೇಳುತ್ತದೆ. ಒಂದೊಂದು ಟಕ್ ಕೇಳಿದಾಗಲೂ ಕಮಲವ್ವನಿಗೆ ಮೊಮ್ಮಗು ಮೊದಲ ಮಾತಾಡಿದಷ್ಟು ಸಂತೋಷವಾಯಿತು. ಮೊದಲು ಸದ್ದು ಮಾಡಿದ ಬಾಟಲಿಯನ್ನು ಹೊಸ ಖಣದ ಬಟ್ಟೆಯಲ್ಲಿ ಸುತ್ತಿ ಪೂಜೆಯ ಚೀಲದಲ್ಲಿಟ್ಟಳು. ಮನೆಯಲ್ಲಿ ಹೊಸದೇನು ಮಾಡಿದರೂ ಮೊದಲ ಪಾಲು ದೇವರಿಗೆ, ನೈವೇದ್ಯ ಆಗುವ ತನಕ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಪಾತ್ರೆಯ ತಳದಲ್ಲಿ ಉಳಿದದ್ದನ್ನು ಚನ್ನವೀರಪ್ಪ ರುಚಿ ನೋಡಿದರು. ಹುಳಿ, ಒಗರು, ಕೊನೆಗೆ ಒಂದೆಳೆ ಕಹಿ. ಕಣ್ಣು ಮುಚ್ಚಿ ಕುಡಿದು, "ನನಗ ಚೊಲೊ ಆತು ಕಮಲಾ. ಆದ್ರ ಬಂದ ಮಂದಿ ಕುಡೀತಾರೇನು?" ಎಂದರು. ಕುಡಿಯದವರು ಅವರವರ ಮನೆಯಲ್ಲಿ ಸಕ್ಕರೆ ಮುಕ್ಕಲಿ ಎಂದು ಅವಳು ಬಾಯಿ ಮುಚ್ಚಿಸಿದಳು. ಗಂಡ ಪಾತ್ರೆ ಎತ್ತಿಕೊಂಡು ತೊಳೆಯಲು ಹೋದರು. ಮಾತು ಒಪ್ಪಿದರು ಎಂದುಕೊಂಡಳು ಪಾಪ.

ಶುಕ್ರವಾರ ಆಸ್ಟಿನ್‌ಗೆ ಡ್ರೈವ್ ಮಾಡಿ ಮಗಳ ಮನೆಯಲ್ಲಿ ತಂಗಿದರು. ಶನಿವಾರ ಮೂವರೂ ಹ್ಯೂಸ್ಟನ್ ಸೇರಿದರು. ಸೊಸೆ ನಿಧಿ ಅತ್ತೆಯ ಕೈಯಿಂದ ಬಾಟಲಿಗಳ ಪೆಟ್ಟಿಗೆ ಇಸಿದುಕೊಂಡು ಒಳಗಿಟ್ಟಳು, ಸಂಜೆ ನೋಡಿದರೆ ಬಾಟಲಿಗಳೆಲ್ಲ ಫ್ರಿಜ್ಜಿನಲ್ಲಿದ್ದವು. ಭದ್ರ ಮುಚ್ಚಿದ್ದಕ್ಕೆ ಫ್ರಿಜ್ಜು ಯಾಕೆ ಎಂದು ಕಮಲವ್ವನಿಗೆ ಅನ್ನಿಸಿತು. ಮೈಸೂರಿನ ಹುಡುಗಿ, ಎಲ್ಲದರಲ್ಲೂ ಅಚ್ಚುಕಟ್ಟು ಎಂದು ಸುಮ್ಮನಾದಳು.

ಭಾನುವಾರ ಬೆಳಿಗ್ಗೆ ಜನ ಬರುವ ಮುಂಚೆ ಗ್ಲಾಸು ಜೋಡಿಸಿ, ಬಾಟಲಿ ಹೊರತೆಗೆದು, ಅಭ್ಯಾಸಬಲದಿಂದ ಒಂದು ಮುಚ್ಚಳ ಒತ್ತಿದಳು. ಟಕ್‌ಟಕ್. ಎರಡನೆಯದೂ ಟಕ್‌ಟಕ್. ಕೊನೆಯದರ ತನಕ ಎಲ್ಲವೂ ಹಾಗೆಯೇ. ಒಂದನ್ನು ತೆರೆದು ನಾಲಿಗೆಗೆ ಹಚ್ಚಿದರೆ ತುಟಿಗೆ ತುಟಿ ಅಂಟಿತು. ಕರಿದ ಉಂಡೆ ಬಿಟ್ಟಿದ್ದರೆ ಜಾಮೂನೇ ಆಗುವಂಥ ಪಾಕ.

ಕಮಲವ್ವ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಇನ್ನು ಸ್ವಲ್ಪ ಹೊತ್ತಿಗೆ ಮಗನ ಆಫೀಸಿನವರ ನಡುವೆ, ಮಗನ ಹೊಸ ಮನೆಯಲ್ಲಿ, ಗಂಡ ಬಾಗಿ ಅದೇ ಮಾತು ಕೇಳುತ್ತಾರೆ. ಅತ್ತೇಬಿಟ್ಟಳು. ಮೂಗು ಒರೆಸಿಕೊಂಡು, ಮಗಳನ್ನೂ ಸೊಸೆಯನ್ನೂ ಒಳಗೆ ಕರೆದು ಬಾಗಿಲು ಹಾಕಿದಳು.

ಮೊದಲು ಒಪ್ಪಿದವಳು ನಿಧಿ. "ಸಾರಿ ಅತ್ತೆ, ನಿನ್ನೆ ಸುಮ್ಮನೆ ರುಚಿ ನೋಡಿದೆ. ಸಿಹಿ ಇತ್ತು, ಆದ್ರೆ ಒಂಚೂರು ಕಮ್ಮಿ ಅನ್ನಿಸ್ತು. ಶುಭಕಾರ್ಯ ಅಲ್ವಾ, ಅದಕ್ಕೆ ಹಾಕ್ಬಿಟ್ಟೆ." ಸಾರಿಗೂ ಬೆಲ್ಲ ಹಾಕುವ ಊರಿನವರಿಗೆ ಯಾವುದು ತಾನೆ ಕಮ್ಮಿ ಅನ್ನಿಸುವುದಿಲ್ಲ ಎಂದು ಕಮಲವ್ವ ಹಲ್ಲು ಕಚ್ಚಿದಳು. ಐಶ್ವರ್ಯಾ ನೆಲ ನೋಡುತ್ತಿದ್ದಳು. ಶುಕ್ರವಾರ ರಾತ್ರಿ ತಾನೂ ಹಾಕಿದ್ದೆ, ಅವ್ವನನ್ನು ಯಾರೂ ಆಡಿಕೊಳ್ಳಬಾರದೆಂದು ಹಾಕಿದ್ದೆ ಎಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು: "ಆದ್ರ ಅವ್ವಾ, ನಾ ಹಾಕೋಕಿಂತ ಮೊದಲ ಅದರಾಗ ಸಕ್ರಿ ಇತ್ತು."

ಮೂವರೂ ಮುಖ ಮುಖ ನೋಡಿಕೊಂಡರು. ಕಿಟಕಿಯಾಚೆ ಏಣಿಯ ಮೇಲೆ ನಿಂತು ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಚನ್ನವೀರಪ್ಪ ಒಮ್ಮೆ ಒಳಗಿಣುಕಿ, ಕಟ್ಟಿ ಮುಗಿಸಿದ್ದ ತೋರಣವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ನಿಧಿಗೆ ನಗು ತಡೆಯಲಾಗಲಿಲ್ಲ, ಅವಳನ್ನು ನೋಡಿ ಐಶ್ವರ್ಯಾಳಿಗೂ. ಕಮಲವ್ವ ನಗಲಿಲ್ಲ. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಅಯ್ಯನವರು ನೈವೇದ್ಯ ತರಲು ಕರೆದರು.

ಪೂಜೆಯ ಚೀಲಕ್ಕೆ ಕೈ ಹಾಕಿದಾಗ ಖಣದ ಗಂಟು ಸಿಕ್ಕಿತು. ಬಿಚ್ಚಿದಳು. ಮುಚ್ಚಳ ಒತ್ತಿದಳು. ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಳು, ಕಲ್ಲಿನ ಹಾಗಿತ್ತು. ಇಡೀ ಮನೆಮಂದಿ ಕದ್ದು ಮುಚ್ಚಿ ಸಕ್ಕರೆ ಸುರಿದಿದ್ದರು, ಆದರೆ ದೇವರ ಪಾಲಿಗೆ ಕೈ ಹಾಕುವ ಧೈರ್ಯ ಒಬ್ಬರಿಗೂ ಆಗಿರಲಿಲ್ಲ. ಈಗ ಕಮಲವ್ವ ನಕ್ಕಳು.

ಮಂಗಳಾರತಿ ಆಯಿತು. ಹಜಾರದ ತುಂಬ ಜನ. ನೈವೇದ್ಯವಾದ ಬಾಟಲಿಯನ್ನು ಬೆಳ್ಳಿಯ ಬಟ್ಟಲಿಗೆ ಬಗ್ಗಿಸಿಕೊಂಡು, ಚಮಚ ಹಿಡಿದು, ಕಮಲವ್ವ ದೇವರ ಮುಂದೆ ನಿಂತಳು. ಮೊದಲು ತೀರ್ಥ, ಆಮೇಲೆ ಪಾನಕ ಎಂದು ಸಾರಿದಳು. ಪಾನಕಕ್ಕೆ ಸಕ್ಕರೆ ಕೇಳುವವರುಂಟು, ತೀರ್ಥಕ್ಕೆ ಯಾರು ಕೇಳಿಯಾರು? ಜನ ಸಾಲಾಗಿ ಬಂದು ಬಲ ಅಂಗೈ ಗುಳಿ ಮಾಡಿ ಚಾಚಿದರು, ಕಡುನೇರಳೆ ರಸವನ್ನು ಭಕ್ತಿಯಿಂದ ಹೀರಿದರು, ಹುಳಿಗೆ ಒಂದು ಕಣ್ಣು ಮುಚ್ಚಿದರು, ಕೈಯನ್ನು ತಲೆಗೆ ಒರೆಸಿಕೊಂಡು ಮುಂದೆ ಹೋದರು. ಸಂಗಮೇಶನ ಆಫೀಸಿನಲ್ಲಿ ರಾಕೆಟ್ಟಿನ ಲೆಕ್ಕ ಹಾಕುವ ಹುಡುಗನೊಬ್ಬ ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತ.

ಆ ಸಾಲಿನ ನಡುವೆ, ಹಿಂದೆ ಮುಂದೆ ಜನರೊಂದಿಗೆ, ಚನ್ನವೀರಪ್ಪ ಬಂದರು. ಕೈ ಚಾಚಿ, ರೂಢಿಯಂತೆ ಅವಳ ಕಡೆ ಬಾಗಿದರು. ಅವರು ಕೇಳಿದ್ದು ಬೇರೆಯೇ.

"ಮಂದಿ ಮುಂದ ನಿನ್ನ ಮಾರಿ ಸಣ್ಣದಾಗಬಾರದಂತ ಹಾಕಿದ್ದೆ. ಸಿಟ್ಟಾಗಿಯೇನು?"

ತನಗೆಂದೇ ಮಾಡಿದ ಪಾನಕವನ್ನು ಈ ಮನುಷ್ಯ ಅವಳ ಮಾನಕ್ಕಾಗಿ ಬಿಟ್ಟುಕೊಟ್ಟು, ಮತ್ತೆ ಸೌತೆಕಾಯಿ ತಿನ್ನಲು ತಯಾರಾಗಿದ್ದರು. ಸಿಟ್ಟು ಎಲ್ಲಿ ಉಳಿದೀತು? ತುಂಬಿದ ಕಣ್ಣಲ್ಲೇ ಚಮಚ ಬಗ್ಗಿಸಿದಳು, ರಸದ ಒಂದು ಹನಿ ಅವರ ಬಿಳಿ ಅಂಗಿಯ ತೋಳಿನ ಮೇಲೆ ಬಿತ್ತು.

"ಮೊದಲ ಕುಡೀರಿ. ಹಿಂದ ಜನ ನಿಂತಾರ," ಎಂದಳು.

ಚನ್ನವೀರಪ್ಪ ಅಂಗೈ ಬಾಯಿಗೆತ್ತಿ ಎಲ್ಲರ ಹಾಗೆ ಹೀರಿದರು, ಎಲ್ಲರ ಹಾಗೆ ಒಂದು ಕಣ್ಣು ಮುಚ್ಚಿದರು. ಇದರಲ್ಲಿ ಏನಿದೆ ಎಂದು ಕೇಳಲಿಲ್ಲ. ಕೈಯನ್ನು ತಲೆಗೆ ಒರೆಸಿಕೊಂಡರು, ಬೆಳ್ಳಿಕೂದಲಿನ ಮೇಲೆ ನೇರಳೆ ಬಣ್ಣದ ಒಂದು ಗೆರೆ ಮೂಡಿತು. ಆಮೇಲೆ ಸಾಲಿನ ಕೊನೆಗೆ ನಡೆದು, ಆ ರಾಕೆಟ್ಟಿನ ಹುಡುಗನ ಹಿಂದೆ ಹೋಗಿ ನಿಂತರು.